ಕಾಲುಂಗುರದ ಹಕ್ಕಿ: ತಪ್ಪಾಗಿ ಓದಿದ ಒಂದು ರಿಂಗಿನ ಪ್ರಕರಣ

ಇದು ಕಾಸರಗೋಡಿನ ಉತ್ತರ ಭಾಗದ ಒಂದು ಅಳಿವೆಯಲ್ಲಿ ನಡೆದದ್ದು. ಯಾವ ಅಳಿವೆ ಅಂತ ಹೇಳುವುದಿಲ್ಲ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್ ಅಂತ ಇಲ್ಲಿ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಹೊಳೆ ಕಡಲು ಸೇರುತ್ತದೆ, ಅವುಗಳಲ್ಲಿ ಒಂದು ಅಂದುಕೊಳ್ಳಿ. ಜನರ ಹೆಸರು ಹಾಕಿಲ್ಲ. ಹಕ್ಕಿಯ ಕಾಲಿಗೆ ಹಾಕಿದ್ದ ರಿಂಗಿನ ಪೂರ್ತಿ ಗುರುತನ್ನೂ ಕೊಟ್ಟಿಲ್ಲ. ಆದರೆ ನಾವು ಯಾವುದನ್ನು ಯಾವುದು ಅಂತ ತಪ್ಪಾಗಿ ಓದಿದೆವೋ, ಆ ಗೊಂದಲವನ್ನು ಇದ್ದ ಹಾಗೇ ಇಟ್ಟಿದ್ದೇನೆ. ಹಕ್ಕಿ ನೋಡಲು ಹೋಗುವ ಬೇರೆ ಗುಂಪುಗಳಿಗೆ ಬೇಕಾದದ್ದು ಅದೇ ಅಲ್ವಾ.

ಅಳಿವೆ ಮತ್ತು ನಾವು

ಅಳಿವೆಯ ಒಂದು ದಡದಲ್ಲಿ ಕಾಂಡ್ಲ ಕಾಡು, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್. ಅದರ ಒಂದು ತುಂಡು ಅರಣ್ಯ ಇಲಾಖೆಯ ರಕ್ಷಣೆಯಲ್ಲಿದೆ. ಇನ್ನೊಂದು ದಡದಲ್ಲಿ ತೆಂಗಿನ ತೋಟ, ನಾಲ್ಕಾರು ಮನೆ, ದೋಣಿ ಎಳೆದಿಡುವ ಜಾಗ, ಒಂದು ಚಹಾದ ಅಂಗಡಿ. ನಡುವೆ ಕೆಸರು ಬಯಲು. ಇಳಿತದಲ್ಲಿ ಅದು ತೆರೆದುಕೊಳ್ಳುತ್ತದೆ, ಭರತದಲ್ಲಿ ಮುಚ್ಚಿಹೋಗುತ್ತದೆ. ಕಡಲು ಸೇರುವ ಬಾಗಿಲ ಹತ್ತಿರ ಉದ್ದಕ್ಕೆ ಒಂದು ಹೊಯಿಗೆ (ಮರಳು) ದಿಣ್ಣೆ ಇದೆ. ನೀರು ಏರಿದಾಗ ಕೆಸರಿನಲ್ಲಿ ಮೇಯುತ್ತಿದ್ದ ಹಕ್ಕಿಗಳೆಲ್ಲ ಆ ದಿಣ್ಣೆಗೆ ಬಂದು ಒತ್ತೊತ್ತಾಗಿ ಕೂರುತ್ತವೆ. ನೀರು ಇಳಿಯುವವರೆಗೆ ಅಲ್ಲೇ ನಿದ್ದೆ, ಅಲ್ಲೇ ಗರಿ ತೀಡುವುದು.

ನಮ್ಮದು ಐದು ಜನರ ಗುಂಪು. ತಿಂಗಳ ಎರಡನೇ ಭಾನುವಾರ ಹಕ್ಕಿ ಎಣಿಸುತ್ತೇವೆ. ಜನವರಿಯಲ್ಲಿ ಏಷ್ಯಾದ ಎಲ್ಲ ಕಡೆ ನಡೆಯುವ ನೀರುಹಕ್ಕಿ ಗಣತಿಗೂ ನಮ್ಮ ಲೆಕ್ಕ ಸೇರುತ್ತದೆ. ಗುಂಪಿನ ಹಿರಿಯರು ನಿವೃತ್ತ ಮಾಸ್ಟ್ರು. ಕನ್ನಡ ಮಾಧ್ಯಮದಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು, ಅವರ ಹತ್ತಿರ ದೂರದ ಹಕ್ಕಿ ನೋಡುವ ಒಂದು ಹಳೆಯ ಸ್ಕೋಪ್ (ದೂರದರ್ಶಕ) ಇದೆ. ಕಿರಿಯವನು ಮಂಗಳೂರಿನಲ್ಲಿ ಓದುವ ಹುಡುಗ. ಶನಿವಾರ ಸಂಜೆಯ ರೈಲಿಗೆ ಊರಿಗೆ ಬರುತ್ತಾನೆ, ಒಳ್ಳೆಯ ಕ್ಯಾಮೆರಾ ಇದೆ, ಅದಕ್ಕಿಂತ ಒಳ್ಳೆಯ ಕಣ್ಣು ಇದೆ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿ. ಉಳಿದಿಬ್ಬರು ಆದಾಗ ಬರುತ್ತಾರೆ.

ಚಳಿಗಾಲದಲ್ಲಿ ಇಲ್ಲಿ ಜಾಸ್ತಿ ಕಾಣುವುದು ಸ್ಯಾಂಡ್ ಪ್ಲೋವರ್ ಎಂಬ ಪುಟ್ಟ ಹಕ್ಕಿ. ಅಂಗೈಯಲ್ಲಿ ಕೂರುವಷ್ಟು ಗಾತ್ರ, ಬೆನ್ನು ಒದ್ದೆ ಹೊಯಿಗೆಯ ಬಣ್ಣ, ಹೊಟ್ಟೆ ಬಿಳಿ. ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಕುಕ್ಕುತ್ತದೆ, ಮತ್ತೆ ಓಡುತ್ತದೆ. ಹಿಂದೆ ಇದನ್ನು ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತ ಒಂದೇ ಜಾತಿಯಾಗಿ ಬರೆಯುತ್ತಿದ್ದೆವು. 2023ರ ಹೊತ್ತಿಗೆ ಅದನ್ನು ಎರಡು ಜಾತಿಯಾಗಿ ಬೇರೆ ಮಾಡಿದರು. ನಮ್ಮ ಕಡೆ ಬರುವುದು ಹೆಚ್ಚಾಗಿ ಟಿಬೆಟನ್ ಸ್ಯಾಂಡ್ ಪ್ಲೋವರ್. ಬೇಸಿಗೆಯಲ್ಲಿ ಟಿಬೆಟ್ಟಿನ ಪ್ರಸ್ಥಭೂಮಿ, ಮಧ್ಯ ಏಷ್ಯಾದ ಎತ್ತರದ ಬಯಲುಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಕೆಸರಿಗೆ ಬರುತ್ತವೆ. ಎಷ್ಟು ಸಲ ಹೇಳಿದರೂ ನನಗೆ ಇದು ಹಳೆಯ ಸಂಗತಿ ಅನಿಸುವುದಿಲ್ಲ.

ರಿಂಗ್ ವಿಷಯ

ಹಕ್ಕಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಎಷ್ಟು ವರ್ಷ ಬದುಕಿತು ಅಂತ ತಿಳಿಯಲು ಅದರ ಕಾಲಿಗೆ ಹಗುರವಾದ ಲೋಹದ ರಿಂಗ್ ಹಾಕುತ್ತಾರೆ. ಅದರ ಮೇಲೆ ಸಂಖ್ಯೆ ಮತ್ತು ವಿಳಾಸ ಕೊರೆದಿರುತ್ತದೆ. ನಮ್ಮ ದೇಶದಲ್ಲಿ ಈ ಕೆಲಸ ದೊಡ್ಡದಾಗಿ ಬೆಳೆದದ್ದರ ಹಿಂದೆ ನಮ್ಮ ಮಲೆನಾಡಿನ ಕಥೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ರಷ್ಯಾದ ಕಡೆಯ ಒಂದು ಕಾಯಿಲೆಯ ವೈರಸ್ಸಿಗೂ ಇದಕ್ಕೂ ಹೋಲಿಕೆ ಇತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಗಳ ಜೊತೆ ಬಂತಾ ಅಂತ ಅನುಮಾನ ಹುಟ್ಟಿತು. ಆಗ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, 1959ರಲ್ಲಿ ದೊಡ್ಡ ಮಟ್ಟದಲ್ಲಿ ಹಕ್ಕಿಗಳಿಗೆ ರಿಂಗ್ ಹಾಕಲು ಶುರು ಮಾಡಿತು. ತಮಿಳುನಾಡಿನ ಕೋಡಿಯಕ್ಕರೈ ಇವತ್ತಿಗೂ ಈ ಕೆಲಸಕ್ಕೆ ಹೆಸರಾದ ಜಾಗ.

ಲೋಹದ ರಿಂಗಿನ ತೊಂದರೆ ಏನೆಂದರೆ, ಸಣ್ಣ ಹಕ್ಕಿಯಾದರೆ ಅದನ್ನು ಕೈಯಲ್ಲಿ ಹಿಡಿದೇ ಓದಬೇಕು. ಅದಕ್ಕೇ ಕಡಲ ತೀರದ ಹಕ್ಕಿಗಳಿಗೆ ಜೊತೆಗೆ ಪ್ಲಾಸ್ಟಿಕ್ಕಿನ ಬಣ್ಣದ ಫ್ಲ್ಯಾಗ್ ಕೂಡ ಹಾಕುತ್ತಾರೆ. ಫ್ಲ್ಯಾಗ್ ಅಂದರೆ ಕಾಲಿನಿಂದ ಬಾವುಟದ ಹಾಗೆ ಹೊರಗೆ ಚಾಚಿದ ಪುಟ್ಟ ಪಟ್ಟಿ. ಸಾಮಾನ್ಯವಾಗಿ ಎರಡು ಇರುತ್ತವೆ, ಒಂದರ ಕೆಳಗೆ ಒಂದು. ಯಾವ ಬಣ್ಣ ಮೇಲೆ, ಯಾವುದು ಕೆಳಗೆ ಅನ್ನುವುದರ ಮೇಲೆ ಯಾವ ಪ್ರದೇಶದಲ್ಲಿ ಹಾಕಿದ್ದು ಅಂತ ಗೊತ್ತಾಗುತ್ತದೆ. ಬಣ್ಣ ತಪ್ಪಿದರೆ ದೇಶವೇ ತಪ್ಪುತ್ತದೆ. ಒಂದು ಫ್ಲ್ಯಾಗಿನ ಮೇಲೆ ಅಕ್ಷರ, ಅಂಕಿ ಇದ್ದರೆ ಆ ಒಂದು ಹಕ್ಕಿಯನ್ನೇ ಗುರುತಿಸಬಹುದು.

ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡ ಸುದ್ದಿಯನ್ನು ನೀವು ಓದಿರಬಹುದು. ಅವು ದೊಡ್ಡ ಹಕ್ಕಿ, ದೊಡ್ಡ ಅಕ್ಷರ. ನಮ್ಮ ಪ್ಲೋವರಿನ ಫ್ಲ್ಯಾಗ್ ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲ. ಅದರ ಮೇಲೆ ಮೂರು ಗುರುತು.

ಡಿಸೆಂಬರಿನ ಭಾನುವಾರ

ಎರಡು ಚಳಿಗಾಲದ ಹಿಂದಿನ ಮಾತು. ಎಣಿಕೆ ಮುಗಿದು ನಾನೂ ಮಾಸ್ಟ್ರೂ ಚಹಾದ ಅಂಗಡಿಗೆ ಬಂದಿದ್ದೆವು. ಹುಡುಗ ಇನ್ನೂ ದಿಣ್ಣೆಯ ಕಡೆ ಇದ್ದ. ಅಲ್ಲಿಂದ ಫೋನ್ ಮಾಡಿದ. ಗಾಳಿ ಜೋರಾಗಿತ್ತು, ಅವನ ಉಸಿರೂ ಜೋರಾಗಿತ್ತು.

"ಸರ್, ರಿಂಗ್ ಇರುವ ಪ್ಲೋವರ್! ಬಲಗಾಲಿಗೆ ಎರಡು ಫ್ಲ್ಯಾಗ್, ಎಡಗಾಲಿಗೆ ಲೋಹದ್ದು. ಮೇಲಿನ ಫ್ಲ್ಯಾಗ್ ಹಳದಿ ಇರಬೇಕು. ಮೊದಲ ಎರಡು ಅಕ್ಷರ ಸರಿಯಾಗಿ ಕಾಣ್ತದೆ. ಮೂರನೆಯದು ಎಂಟು ಇರಬೇಕು."

ನಾನು ಪುಸ್ತಕ ತೆಗೆದು ಬರೆದುಕೊಂಡೆ. ಮೇಲಿನ ಫ್ಲ್ಯಾಗ್: ಹಳದಿ. ಮೂರನೆಯ ಗುರುತು: 8. ಪೆನ್ನಿನಲ್ಲಿ ಬರೆದೆ.

ಇಡೀ ಪ್ರಕರಣದಲ್ಲಿ ಎಡವಿದ ಜಾಗ ಇದೇ ಅಂತ ಈಗ ಅನಿಸುತ್ತದೆ. ಹುಡುಗ ಎರಡು ಸಲ "ಇರಬೇಕು" ಅಂದಿದ್ದ. ಅವನು ತಪ್ಪು ಹೇಳಿರಲಿಲ್ಲ. ಆ "ಇರಬೇಕು" ನನ್ನ ಪುಸ್ತಕಕ್ಕೆ ಬರಲಿಲ್ಲ. ನಾನು ಬರೆದದ್ದನ್ನು ನೋಡಿ ಮಾಸ್ಟ್ರು ಗುಂಪಿನ ಉಳಿದವರಿಗೆ ಮೆಸೇಜ್ ಮಾಡಿದರು. ಹುಡುಗ ಬಂದು ಪುಸ್ತಕ ನೋಡಿದ, ಅಲ್ಲಿ ಪೆನ್ನಿನಲ್ಲಿ 8 ಅಂತ ಇದ್ದುದರಿಂದ ಅವನಿಗೂ ಅದೇ ಖಾತ್ರಿಯಾಯಿತು. ತಾನು ಹೇಳಿದ ಅಂದಾಜು ನನ್ನ ಪುಸ್ತಕದಿಂದ ಅವನ ಹತ್ತಿರ ಗಟ್ಟಿ ಸಂಗತಿಯಾಗಿ ವಾಪಸ್ ಬಂತು. ಅರ್ಧ ಗಂಟೆಯೊಳಗೆ ರಿಂಗಿಂಗ್ ಸಂಸ್ಥೆಗೆ ಈಮೇಲ್ ಹೋಯಿತು. ಫೋಟೊ ಜೊತೆಗಿತ್ತು, ಆದರೆ ಕ್ರಾಪ್ ಮಾಡಿ ದೊಡ್ಡದು ಮಾಡಿದ್ದರಿಂದ ಅಂಚುಗಳು ಕಲಸಿಹೋಗಿದ್ದವು. ನಮ್ಮ ಈಮೇಲಿನಲ್ಲಿ ಒಂದೇ ಒಂದು ಸಂಶಯದ ಮಾತು ಇರಲಿಲ್ಲ.

ಸುದ್ದಿ ಹರಡಿತು

ಸಂಸ್ಥೆಯ ಉತ್ತರ ಬರುವ ಮುಂಚೆಯೇ ಇನ್ನೊಂದು ಆಯಿತು. ಗುಂಪಿನ ಒಬ್ಬರು ಫ್ಲ್ಯಾಗಿನ ಬಣ್ಣಗಳ ಪಟ್ಟಿ ಹುಡುಕಿ, ಹಳದಿ ಮೇಲಿದ್ದರೆ ಇಂಥ ದೇಶದ್ದು ಅಂತ ಲೆಕ್ಕ ಹಾಕಿದರು. ದೂರದ ದೇಶ. ಆ ಮಾತು ಊರಲ್ಲಿ ಓಡಾಡಿತು. ವಾರದೊಳಗೆ ಒಂದು ಪತ್ರಿಕೆಯಲ್ಲಿ ಫೋಟೊ ಸಮೇತ ಬಂತು, ದೇಶದ ಹೆಸರು ದಪ್ಪ ಅಕ್ಷರದಲ್ಲಿ, ಅಳಿವೆಯ ಹೆಸರೂ ಜೊತೆಗೆ. ಅದನ್ನು ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಮಾಹಿತಿ ಹೋದದ್ದು ನಮ್ಮಿಂದಲೇ.

ಮುಂದಿನ ಭಾನುವಾರ ಭರತದ ಹೊತ್ತಿಗೆ ದಡದಲ್ಲಿ ಹದಿನೆಂಟು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ಇಬ್ಬರು ದೋಣಿ ಮಾಡಿಕೊಂಡು ದಿಣ್ಣೆಗೇ ಹೋದರು. ಹಕ್ಕಿಗಳು ಎದ್ದವು, ಒಂದು ಸುತ್ತು ಹೊಡೆದು ಕೂತವು, ಮತ್ತೆ ಎದ್ದವು. ಐದಾರು ಸಲ ಹೀಗೆ. ಕೊನೆಗೆ ಇಡೀ ಗುಂಪು ತಿರುಗಿ ಕಡಲ ಮೇಲೆ ದಕ್ಷಿಣಕ್ಕೆ ಹೋಯಿತು. ನೂರಕ್ಕೂ ಹೆಚ್ಚು ಪ್ಲೋವರ್ ಕೂರುತ್ತಿದ್ದ ದಿಣ್ಣೆಯಲ್ಲಿ ಅವತ್ತು ಸಂಜೆ ನಾವು ಎಣಿಸಿದ್ದು ಹನ್ನೊಂದು.

ಭರತದ ಹೊತ್ತು ಈ ಹಕ್ಕಿಗಳಿಗೆ ಇರುವ ಒಂದೇ ಬಿಡುವು. ಇಳಿತದಲ್ಲಿ ತಿನ್ನಬೇಕು, ಹಗಲು ರಾತ್ರಿ ಅಂತಿಲ್ಲ. ಏಪ್ರಿಲ್ ಹೊತ್ತಿಗೆ ಮೈಯಲ್ಲಿ ಕೊಬ್ಬು ತುಂಬಿಕೊಳ್ಳದಿದ್ದರೆ ಹಿಮಾಲಯ ದಾಟುವುದು ಹೇಗೆ? ಒಂದೊಂದು ಸಲ ಎಬ್ಬಿಸಿದಾಗಲೂ ಆ ಕೂಡಿಟ್ಟದ್ದರಲ್ಲಿ ಸ್ವಲ್ಪ ಹೋಗುತ್ತದೆ. ಮಾಸ್ಟ್ರು ಅವತ್ತು ಮನೆಗೆ ಹೋಗುವಾಗ ಒಂದೂ ಮಾತಾಡಲಿಲ್ಲ.

ಜನವರಿಯಲ್ಲಿ ಉತ್ತರ ಬಂತು. ಸೌಜನ್ಯದ ಉತ್ತರ. ನೀವು ಹೇಳಿದ ಬಣ್ಣ ಮತ್ತು ಗುರುತಿನ ಫ್ಲ್ಯಾಗ್ ಹಾಕಿದ್ದು ಬೇರೆಯೇ ಜಾತಿಯ ಹಕ್ಕಿಗೆ, ನಿಮ್ಮ ಪ್ಲೋವರಿಗಿಂತ ತುಂಬಾ ದೊಡ್ಡದಕ್ಕೆ, ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ ಅಂತ.

ನಮಗೆ ಒಂದು ಅದೃಷ್ಟ ಇತ್ತು. ತಪ್ಪು ಗುರುತು ದೊಡ್ಡ ಹಕ್ಕಿಯದ್ದಾಗಿತ್ತು, ಹಾಗಾಗಿ ಸಿಕ್ಕಿಬಿದ್ದೆವು. ಅದೇನಾದರೂ ಇನ್ನೊಂದು ಪ್ಲೋವರಿನದ್ದಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಲ್ಲೋ ಸತ್ತುಹೋದ ಒಂದು ಹಕ್ಕಿ ದಾಖಲೆಯಲ್ಲಿ ಬದುಕಿದ್ದೇನೆ ಅಂತ ನಮ್ಮ ಅಳಿವೆಗೆ ಬಂದು ಕೂರುತ್ತಿತ್ತು. ಓದದೆ ಬಿಟ್ಟ ರಿಂಗಿನಿಂದ ಯಾರಿಗೂ ನಷ್ಟ ಇಲ್ಲ. ತಪ್ಪಾಗಿ ಓದಿದ ರಿಂಗ್ ಬೇರೆಯವರ ವರ್ಷಗಟ್ಟಲೆಯ ಕೆಲಸದ ಒಳಗೆ ಹೋಗಿ ಸೇರುತ್ತದೆ.

ಹಿಡಿದರೆ ಆಗದಾ?

ಆ ವಾರ ಚಹಾದ ಅಂಗಡಿಯಲ್ಲಿ ಕೂತಿದ್ದಾಗ ಪರಿಚಯದ ಒಬ್ಬ ಯುವಕ, ಬೀಸುಬಲೆ ಹಾಕುವವನು, ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ.

"ಮಾಸ್ಟ್ರೇ, ರಾತ್ರಿ ದಿಣ್ಣೆಯಲ್ಲಿ ಮಲಗಿರ್ತಾವಲ್ಲ, ಒಂದು ಸಲ ಬಲೆ ಬೀಸಿದರೆ ಸಾಕು. ನಂಬರ್ ಓದಿ ಬಿಟ್ಟುಬಿಡುವ. ಅದಕ್ಕೆಂತ ಆಗ್ತದೆ?"

ಹುಡುಗನ ಮುಖ ನಾನು ನೋಡಿದೆ. ಅವನಿಗೆ ಆಸೆಯಾಗಿತ್ತು. ನನಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಕೈಗೆ ಸಿಕ್ಕರೆ ಲೋಹದ ರಿಂಗಿನ ಸಂಖ್ಯೆಯನ್ನೂ ಓದಬಹುದು, ಸಂಶಯ ಅನ್ನುವುದೇ ಉಳಿಯುವುದಿಲ್ಲ. ನಮ್ಮ ಮರ್ಯಾದೆಯೂ ಉಳಿಯುತ್ತದೆ.

ಮಾಸ್ಟ್ರು ಬೇಡ ಅಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಧ್ಯಯನಕ್ಕಾದರೂ ಕಾಡುಹಕ್ಕಿ ಹಿಡಿಯಲು ಮುಖ್ಯ ವನ್ಯಜೀವಿ ವಾರ್ಡನ್ ಅನುಮತಿ ಬೇಕು. ರಿಂಗ್ ಹಾಕುವವರು ಅನುಮತಿ ತೆಗೆದುಕೊಂಡು, ವರ್ಷಗಟ್ಟಲೆ ತರಬೇತಿ ಪಡೆದು, ಕೂದಲೆಳೆಯಂಥ ಮಿಸ್ಟ್ ನೆಟ್ ಕಟ್ಟಿ ಹಿಡಿಯುತ್ತಾರೆ. ಮೀನಿನ ಬಲೆಯಲ್ಲಿ ಅಂಚಿಗೆಲ್ಲ ಸೀಸದ ಗುಂಡು. ಬೆಂಕಿಕಡ್ಡಿಯಂಥ ಕಾಲಿನ ಹಕ್ಕಿ ಅದರಡಿ ಸಿಕ್ಕರೆ? ಹಿಡಿದ ಗಾಬರಿಗೇ ಉದ್ದ ಕಾಲಿನ ಹಕ್ಕಿಗಳ ಸ್ನಾಯು ಕೆಟ್ಟು ಮತ್ತೆ ನಿಲ್ಲಲಾರದೆ ಹೋಗುವುದುಂಟು. ಇದನ್ನೆಲ್ಲ ಅವರು ಆ ಯುವಕನಿಗೆ ಸಮಾಧಾನವಾಗಿ ವಿವರಿಸಿದರು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದ ಮಾತು ಮಾತ್ರ ಬೇರೆ: "ನಮ್ಮ ತಪ್ಪು ಮುಚ್ಚಲಿಕ್ಕೆ ಅದರ ಕಾಲು ಮುರಿಯುವುದು ಬೇಡ. ಬೇಕಾದರೆ ಓದಲಿಕ್ಕೆ ಆಗಲಿಲ್ಲ ಅಂತ ಬರೆಯುವ."

ಅವತ್ತೇ ಸಂಸ್ಥೆಗೆ ಪತ್ರ ಬರೆದು ನಮ್ಮ ಮೊದಲ ವರದಿಯನ್ನು ವಾಪಸ್ ತೆಗೆದುಕೊಂಡೆವು. ಬಣ್ಣವೂ ಮೂರನೆಯ ಗುರುತೂ ಅಂದಾಜು, ಕಂಡದ್ದಲ್ಲ ಅಂತ ಸ್ಪಷ್ಟವಾಗಿ ತಿಳಿಸಿದೆವು. ಇದು ಹಿಂದಿನಿಂದ ನೋಡಿದಾಗ ಸುಲಭದ ನಿರ್ಧಾರದ ಹಾಗೆ ಕಾಣಬಹುದು. ಪತ್ರಿಕೆಯಲ್ಲಿ ಫೋಟೊ ಬಂದ ಮೇಲೆ, ಊರಿನವರು ದಾರಿಯಲ್ಲಿ ನಿಲ್ಲಿಸಿ ಶಹಬ್ಬಾಸ್ ಹೇಳಿದ ಮೇಲೆ ಅದು ಸುಲಭ ಇರಲಿಲ್ಲ. ಮತ್ತೆ ಓದಲು ಸಿಕ್ಕರೂ ಸಿಗದಿದ್ದರೂ ಜಾಗದ ಸುದ್ದಿ ಹೊರಗೆ ಬಿಡುವುದಿಲ್ಲ, ನಮ್ಮ ಎಣಿಕೆಯ ಪಟ್ಟಿಗಳನ್ನು ಹಕ್ಕಿ ಹೋದ ಮೇಲೆಯೇ ಹೊರಗೆ ಹಾಕುವುದು ಅಂತಲೂ ಅವತ್ತೇ ಮಾತಾಯಿತು.

ಮರುವಾಯಿ ಹೆಕ್ಕುವ ಅಕ್ಕ

ಜನವರಿ ಪೂರ್ತಿ ಪ್ರಯತ್ನ ಪಟ್ಟೆವು. ಜನ ಬರುವುದು ನಿಂತ ಮೇಲೆ ಹಕ್ಕಿಗಳು ನಿಧಾನಕ್ಕೆ ವಾಪಸ್ ಬಂದಿದ್ದವು, ನಮ್ಮ ರಿಂಗಿನ ಹಕ್ಕಿಯೂ ಇತ್ತು. ಆದರೆ ಕೆಸರಿನ ಅಂಚಿನಲ್ಲಿ ನಾವು ಬಗ್ಗಿ ಬಗ್ಗಿ ಮುಂದೆ ಹೋದ ಹಾಗೆ ಅದು ಅಷ್ಟೇ ದೂರ ಹಿಂದೆ ಸರಿಯುತ್ತಿತ್ತು. ಸ್ಕೋಪಿನಲ್ಲಿ ನೋಡಿದರೆ ಬಿಸಿಲಿಗೆ ಗಾಳಿ ನಡುಗಿ ಅಕ್ಷರವೂ ನಡುಗುತ್ತಿತ್ತು. ಒಂದು ಸಲ ಇನ್ನೇನು ಕಂಡಿತು ಅನ್ನುವಾಗ ಬಿಳಿ ಹೊಟ್ಟೆಯ ಕಡಲ ಹದ್ದು ತಲೆಮೇಲೆ ಹಾದುಹೋಯಿತು. ಅದು ನಮ್ಮ ಜಿಲ್ಲೆಯ ಅಧಿಕೃತ ಹಕ್ಕಿ, ನಮಗೆಲ್ಲ ಪ್ರೀತಿಯದ್ದು. ಅವತ್ತು ಮಾತ್ರ ಇಡೀ ದಿಣ್ಣೆ ಖಾಲಿ ಮಾಡಿತು.

ಇಷ್ಟು ದಿನವೂ ಕೆಸರಿನಲ್ಲಿ ಒಬ್ಬರು ಇದ್ದೇ ಇದ್ದರು. ಮರುವಾಯಿ, ಅಂದರೆ ಕೆಸರಿನಲ್ಲಿ ಸಿಗುವ ತಿನ್ನುವ ಚಿಪ್ಪು, ಹೆಕ್ಕುವ ಅಕ್ಕ. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ, ಕಾಲಿನಿಂದ ತಡಕಿ ಕೈಯಿಂದ ಎತ್ತುವುದು. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಅಲ್ಯುಮಿನಿಯಂ ಪಾತ್ರೆ ತೇಲುತ್ತಾ ಹಿಂದೆ ಬರುತ್ತದೆ. ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ, ಮರುವಾಯಿ ಕೊಳ್ಳುವವರ ಜೊತೆ ಮಲಯಾಳ. ಐದು ವರ್ಷದಿಂದ ನಾವು ಅವರಿಗೆ ನಮಸ್ಕಾರ ಹೇಳುತ್ತಿದ್ದೆವು, ಅವರು ನಗುತ್ತಿದ್ದರು. ಅಷ್ಟೇ.

ಫೆಬ್ರವರಿಯ ಒಂದು ಬೆಳಿಗ್ಗೆ ಮಾಸ್ಟ್ರು ದಡದಲ್ಲಿ ಕೂತು ಅವರ ಹತ್ತಿರ ಹೇಳಿಕೊಂಡರು, ಹೀಗೆ ಹೀಗೆ, ಒಂದು ಹಕ್ಕಿಯ ಕಾಲಿನ ನಂಬರ್ ಓದಲಿಕ್ಕೆ ಆಗುತ್ತಿಲ್ಲ ಅಂತ.

"ಆ ಕಾಲುಂಗುರದ್ದಾ? ಅದು ನವರಾತ್ರಿಯಿಂದ ಇಲ್ಲೇ ಉಂಟಲ್ಲ ಮಾಸ್ಟ್ರೇ."

ನಾವು ಅದನ್ನು ಮೊದಲು ಕಂಡದ್ದು ಡಿಸೆಂಬರಿನಲ್ಲಿ. ಅಕ್ಕ ಎರಡು ತಿಂಗಳು ಮುಂಚೆಯೇ ನೋಡಿದ್ದರು. ಯಾವ ಕಡೆ ಮೇಯುತ್ತದೆ, ನೀರು ಏರುವಾಗ ಯಾವ ಮೂಲೆಗೆ ಬರುತ್ತದೆ ಅಂತ ಕೂಡ ಗೊತ್ತಿತ್ತು. ನಿಮ್ಮ ಹತ್ತಿರ ಬರುತ್ತದಾ ಅಂತ ಕೇಳಿದರೆ, ಇಷ್ಟು ಹತ್ತಿರ ಅಂತ ಎರಡು ಮಾರು ದೂರ ತೋರಿಸಿದರು.

"ನಮ್ಮನ್ನು ಕಂಡರೆ ಹಾರ್ತದಲ್ಲ ಅಕ್ಕ," ಅಂದ ಹುಡುಗ.

"ನೀವು ಅದನ್ನೇ ನೋಡಿಕೊಂಡು ಬರ್ತೀರಿ ಮಗಾ. ನನಗೆ ನೋಡಲಿಕ್ಕೆ ಪುರುಸೊತ್ತು ಇಲ್ಲ. ಅದಕ್ಕೆ ಗೊತ್ತಾಗ್ತದೆ."

ಯೋಚಿಸಿದರೆ ಇದು ಸರಿಯಾದ ಮಾತು. ನೆಟ್ಟಗೆ ನಿಂತು, ನೇರ ತನ್ನ ಕಡೆಗೆ ಕಣ್ಣಿಟ್ಟು ಬರುವುದು ಯಾವುದು? ಬೇಟೆಯಾಡುವ ಪ್ರಾಣಿ. ಬಗ್ಗಿಕೊಂಡು, ಅಡ್ಡಡ್ಡ ಸರಿಯುತ್ತಾ, ದಿನಾ ಅದೇ ಕೆಲಸ ಮಾಡುವ ಮನುಷ್ಯರನ್ನು ಹಕ್ಕಿಗಳು ಲೆಕ್ಕಕ್ಕೆ ಇಡುವುದಿಲ್ಲ. ಎಷ್ಟೋ ಪುಸ್ತಕ ಓದಿದ್ದ ನಮಗೆ ಇದು ಹೊಳೆದಿರಲಿಲ್ಲ.

ಅಲ್ಲಿಂದ ರೀತಿ ಬದಲಾಯಿತು. ಹಕ್ಕಿಯ ಹಿಂದೆ ಹೋಗುವುದು ಬಿಟ್ಟೆವು. ಅಕ್ಕ ಹೇಳಿದ ಮೂಲೆಯಲ್ಲಿ ಒಂದು ಸಣ್ಣ ತೋಡು ಅಳಿವೆಗೆ ಸೇರುತ್ತದೆ. ಅದರ ಪೂರ್ವದ ದಡದಲ್ಲಿ ಕೂತರೆ ಬೆಳಿಗ್ಗೆಯ ಬಿಸಿಲು ಬೆನ್ನಿಗೆ. ಹುಣ್ಣಿಮೆಯ ಆಸುಪಾಸಿನ ದಿನ ಆರಿಸಿಕೊಂಡೆವು. ಆಗ ನೀರು ಬೆಳಿಗ್ಗೆಯಿಂದ ಏರುತ್ತಾ ಬರುತ್ತದೆ, ಏರಿದ ಹಾಗೆ ಕೆಸರು ಕಿರಿದಾಗುತ್ತದೆ, ಹಕ್ಕಿ ತಾನಾಗಿ ನಮ್ಮ ಕಡೆಗೆ ಸರಿಯುತ್ತದೆ. ನೀರಿಗಿಂತ ಒಂದು ಗಂಟೆ ಮುಂಚೆ ಬಂದು ಕೂರಬೇಕು, ಏಳಬಾರದು. ಅಷ್ಟೇ ನಿಯಮ.

ಓದಿದ ದಿನ

ಪುಸ್ತಕದಲ್ಲಿ ಮಾಸ್ಟ್ರು ಎರಡು ಖಾನೆ ಗೆರೆ ಹಾಕಿದ್ದರು. ಒಂದರ ತಲೆಯಲ್ಲಿ "ಕಂಡದ್ದು", ಇನ್ನೊಂದರಲ್ಲಿ "ಇರಬೇಕು". ಜೊತೆಗೆ ಇನ್ನೊಂದು ಒಪ್ಪಂದ: ಸ್ಕೋಪಿನಲ್ಲಿ ನೋಡಿದವರು ಬಾಯಿ ಬಿಡಬಾರದು. ಒಬ್ಬೊಬ್ಬರೂ ತಮ್ಮ ಚೀಟಿಯಲ್ಲಿ ಬರೆದು ಮಡಚಿ ಇಡಬೇಕು. ಮೊದಲ ಸಲ ಒಬ್ಬನ ಅಂದಾಜು ಐದು ಜನರ ಖಾತ್ರಿ ಆದದ್ದು ಹೇಗೆ ಅಂತ ನೋಡಿದ್ದೆವಲ್ಲ.

ಹಕ್ಕಿ ಹತ್ತು ಗಂಟೆಯ ಹೊತ್ತಿಗೆ ಬಂತು. ಸ್ಕೋಪಿನಲ್ಲಿ ಕಾಲು ಪೂರ್ತಿ ಕಂಡಿತು. ನಾವು ಮಂಡಿ ಅಂದುಕೊಳ್ಳುವ, ಹಿಂದಕ್ಕೆ ಮಡಚುವ ಗಂಟು ನಿಜವಾಗಿ ಅದರ ಪಾದದ ಗಂಟು. ಅದರ ಮೇಲುಗಡೆ ಫ್ಲ್ಯಾಗ್‌ಗಳು ಇದ್ದವು, ಮೇಲಿನದು ಕಂದು ಹಳದಿ, ಒಂದು ಮೂಲೆಯಲ್ಲಿ ಒಣಗಿದ ಕೆಸರಿನ ಚೂರು. ಒಬ್ಬೊಬ್ಬರಾಗಿ ನೋಡಿ ಬರೆದೆವು. ಆಮೇಲೆ ಹುಡುಗ, "ಅಕ್ಕ, ನೀವೂ ಒಮ್ಮೆ ನೋಡಿ," ಅಂದ. ಇಂಗ್ಲಿಷ್ ಅಕ್ಷರ ಗೊತ್ತಿಲ್ಲ ಅಂದರು. ಕಂಡ ಹಾಗೆ ಗೆರೆ ಎಳೆಯಿರಿ ಸಾಕು ಅಂದೆವು. ಕೈ ಒರೆಸಿಕೊಂಡು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. ಮತ್ತೆ ಮರುವಾಯಿ ಚಿಪ್ಪಿನ ಅಂಚಿನಿಂದ ಒದ್ದೆ ಹೊಯಿಗೆಯ ಮೇಲೆ ಮೂರು ಗುರುತು ಗೀರಿದರು.

ಚೀಟಿ ಬಿಚ್ಚಿದೆವು. ಮೊದಲ ಎರಡು ಗುರುತು ಎಲ್ಲರದ್ದೂ ಒಂದೇ. ಮೂರನೆಯದಕ್ಕೆ ನಾನೂ ಹುಡುಗನೂ 8 ಅಂತ ಬರೆದಿದ್ದೆವು. ಮಾಸ್ಟ್ರು "ಕಾಣಲಿಲ್ಲ" ಅಂತ ಬರೆದಿದ್ದರು. ಹೊಯಿಗೆಯ ಮೇಲೆ ಅಕ್ಕ ಗೀರಿದ್ದು ಎಡಕ್ಕೆ ಒಂದು ನೆಟ್ಟಗಿನ ಗೆರೆ, ಅದಕ್ಕೆ ಬಲಕ್ಕೆ ಎರಡು ಉಬ್ಬು.

"ಬೆನ್ನು ನೆಟ್ಟಗೆ ಉಂಟು. ಹೊಟ್ಟೆ ಎರಡು," ಅಂದರು.

ಅದು ಇಂಗ್ಲಿಷಿನ ಬಿ. ನಾನೂ ಹುಡುಗನೂ ಎರಡು ತಿಂಗಳಿಂದ 8 ಅಂತ ತಲೆಯಲ್ಲಿ ಇಟ್ಟುಕೊಂಡು ಸ್ಕೋಪಿಗೆ ಕಣ್ಣು ಇಟ್ಟಿದ್ದೆವು. ಕಣ್ಣು 8ನ್ನೇ ಹುಡುಕಿ ತಂದುಕೊಟ್ಟಿತ್ತು. ಅಕ್ಕನ ತಲೆಯಲ್ಲಿ 8 ಇರಲಿಲ್ಲ, ಬಿ ಕೂಡ ಇರಲಿಲ್ಲ. ಇದ್ದದ್ದು ಆಕಾರ ಮಾತ್ರ.

ಆದರೂ ಅದನ್ನು "ಇರಬೇಕು" ಖಾನೆಯಲ್ಲೇ ಬರೆದೆವು, ನಾಲ್ವರಲ್ಲಿ ಒಬ್ಬರಿಗೆ ಕಂಡದ್ದು ತಾನೇ. ಏಳದೆ ಕೂತೆವು. ನೀರು ಇನ್ನೂ ಏರಿತು. ಹಕ್ಕಿ ತೋಡಿನ ಬಾಯಿಗೆ ಬಂದು, ತೆಳ್ಳಗೆ ಹರಿಯುವ ಸಿಹಿನೀರಿನಲ್ಲಿ ಇಳಿಯಿತು. ಎದೆ ಮುಳುಗಿಸಿ ಎರಡೂ ರೆಕ್ಕೆ ಬಡಿದು ಸ್ನಾನ ಮಾಡಲು ಶುರು ಮಾಡಿತು. ನೀರಿನ ಹನಿಗಳು ಬಿಸಿಲಿಗೆ ಹೊಳೆದವು. ಒಂದು ನಿಮಿಷ ಇರಬಹುದು. ಮೇಲೆ ಬಂದು ಮೈ ಕೊಡವಿ ಬಲಗಾಲು ಎತ್ತಿ ಕತ್ತು ಕೆರೆದುಕೊಂಡಿತು. ಆ ಎತ್ತಿದ ಕಾಲಿನ ಮೇಲೆ ಫ್ಲ್ಯಾಗ್ ತೊಳೆದ ಬಟ್ಟಲಿನ ಹಾಗೆ ಇತ್ತು. ಬಿಳಿ. ಹಳದಿ ಅಲ್ಲ. ಅಷ್ಟು ದಿನ ನಾವು ಬಣ್ಣ ಅಂದುಕೊಂಡದ್ದು ನಮ್ಮದೇ ಅಳಿವೆಯ ಕೆಸರು. ಮೂರನೆಯ ಅಕ್ಷರದ ಬೆನ್ನು ನೆಟ್ಟಗಿತ್ತು.

ಹೊಸ ಚೀಟಿ, ಮತ್ತೆ ಮೌನ. ಈ ಸಲ ಎಲ್ಲ ಚೀಟಿಯಲ್ಲೂ ಒಂದೇ. ನಾನು ಪುಸ್ತಕದಲ್ಲಿ "ಕಂಡದ್ದು" ಅಂತ ಇರುವ ಕಡೆ ಬರೆದೆ. ಕೈ ಸ್ವಲ್ಪ ನಡುಗುತ್ತಿತ್ತು.

ಉತ್ತರ, ಆಮೇಲೆ

ಮಾರ್ಚಿನಲ್ಲಿ ಉತ್ತರ ಬಂತು. ಜಾತಿ ಹೊಂದಿತು, ಬಣ್ಣ ಹೊಂದಿತು, ಗುರುತು ಹೊಂದಿತು. ಆ ಹಕ್ಕಿಗೆ ರಿಂಗ್ ಹಾಕಿದ್ದು ದೂರದ ದೇಶದಲ್ಲಿ ಅಲ್ಲ. ನಮ್ಮದೇ ಪಶ್ಚಿಮ ಕರಾವಳಿಯಲ್ಲಿ, ಉತ್ತರದ ಇನ್ನೊಂದು ಅಳಿವೆಯಲ್ಲಿ, ನಾಲ್ಕು ಚಳಿಗಾಲದ ಹಿಂದೆ. ಹಿಡಿದಾಗಲೇ ಅದು ಬೆಳೆದ ಹಕ್ಕಿ.

ಊರಿನಲ್ಲಿ ಕೆಲವರಿಗೆ ನಿರಾಸೆ ಆಯಿತು. ವಿದೇಶದ್ದಲ್ಲವಾ, ಹಾಗಾದರೆ ಎಂತ ವಿಶೇಷ ಅಂತ. ನನಗೆ ಇದೇ ದೊಡ್ಡ ಸಂಗತಿ. ಕಡಿಮೆ ಅಂದರೂ ನಾಲ್ಕು ಸಲ ಆ ಅಂಗೈ ಗಾತ್ರದ ಜೀವ ಪ್ರಸ್ಥಭೂಮಿಗೆ ಹೋಗಿ ಮತ್ತೆ ಕರಾವಳಿಗೆ ಇಳಿದಿರಬೇಕು (ಇದು "ಇರಬೇಕು" ಖಾನೆಯದ್ದು). ಒಂದೇ ಅಳಿವೆ ಕಾಪಾಡಿದರೆ ಅದಕ್ಕೆ ಸಾಲುವುದಿಲ್ಲ, ಕರಾವಳಿಯ ಉದ್ದಕ್ಕೂ ಕೆಸರು ಉಳಿಯಬೇಕು ಅನ್ನುವುದಕ್ಕೆ ಅದರ ಕಾಲೇ ಸಾಕ್ಷಿ. 2024ರ ಜನವರಿಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ನಮ್ಮ ಕಡೆಯ ಸಣ್ಣ ಅಳಿವೆಗಳಿಗೆ ಅಂಥ ಹೆಸರಿಲ್ಲ. ಇಲ್ಲಿ ಕೆಸರು ಅಂದರೆ ಮಣ್ಣು ತುಂಬಿಸಲು ಕಾದಿರುವ ಖಾಲಿ ಜಾಗ ಅಂತ ನೋಡುವವರೇ ಜಾಸ್ತಿ. ಅವರಿಗೆ ತೋರಿಸಲು ಈಗ ನಮ್ಮ ಹತ್ತಿರ ಒಂದು ಸರಿಯಾದ ದಾಖಲೆ ಇದೆ. ತಪ್ಪಾದ ದಾಖಲೆ ಇಟ್ಟುಕೊಂಡು ಹೋಗಿದ್ದರೆ ಅವರು ಒಂದೇ ಪ್ರಶ್ನೆಯಲ್ಲಿ ನಮ್ಮನ್ನು ಕೂರಿಸುತ್ತಿದ್ದರು.

ಬೇರೆ ಗುಂಪಿನವರು ಕೇಳಿದಾಗ ನಾವು ಹೇಳುವುದು ಇಷ್ಟು. ಕಂಡ ಕೂಡಲೇ ದಡದಲ್ಲೇ ಬರೆಯಿರಿ, ಯಾವ ಕಾಲು, ಗಂಟಿನ ಮೇಲಾ ಕೆಳಗಾ, ಯಾವ ಬಣ್ಣ ಮೇಲೆ ಅಂತ. ಬಿಳಿಗೆ ಕೆಸರು ಮೆತ್ತಿದರೆ ಹಳದಿ ಕಾಣುತ್ತದೆ, ಕಿತ್ತಳೆ ಬಿಸಿಲಿಗೆ ಮಾಸಿದರೂ ಹಳದಿಯೇ ಕಾಣುತ್ತದೆ, ಹಾಗಾಗಿ ಹಳದಿ ಕಂಡಾಗ ಸ್ವಲ್ಪ ಜಾಸ್ತಿ ತಡೆಯಿರಿ. ಒಬ್ಬರ ಓದು ಇನ್ನೊಬ್ಬರ ಕಿವಿಗೆ ಬೀಳುವ ಮುಂಚೆ ಬರೆಸಿ. ಕ್ರಾಪ್ ಮಾಡದ ಮೂಲ ಫೋಟೊವನ್ನೇ ಕಳಿಸಿ. ಓದಲು ಆಗದ ಗುರುತನ್ನು ಹಾಗೇ ಬಿಡಿ. ಎರಡು ಗುರುತು ಕಂಡರೂ ಸಂಸ್ಥೆಯವರಿಗೆ ಉಪಯೋಗ ಇದೆ, ಬಣ್ಣ ಮಾತ್ರ ಕಂಡರೂ ಇದೆ. ಮತ್ತೆ, ಅಳಿವೆಯಲ್ಲಿ ದಿನಾ ಕೆಲಸ ಮಾಡುವವರನ್ನು ಮೊದಲು ಕೇಳಿ. ನಾವು ಐದು ವರ್ಷ ತಡವಾಗಿ ಕೇಳಿದೆವು.

ಅಕ್ಕ ಈಗ ನಮ್ಮ ಎಣಿಕೆಗೆ ಬರುತ್ತಾರೆ, ಇಳಿತದ ಸಮಯ ಹೊಂದಿದರೆ. ಹಕ್ಕಿ ಕೊನೆಗೆ ಕಂಡದ್ದು ಏಪ್ರಿಲ್ ಮಧ್ಯದಲ್ಲಿ. ಎದೆಯ ಮೇಲೆ ಇಟ್ಟಿಗೆ ಕೆಂಪು ಏರಿತ್ತು, ಮೈ ತುಂಬಿತ್ತು. ಮುಂದಿನ ನವರಾತ್ರಿಗೆ ಎರಡು ದಿನ ಮುಂಚೆ ಅಕ್ಕನೇ ಹುಡುಗನಿಗೆ ಫೋನ್ ಮಾಡಿ, ಕಾಲುಂಗುರ ಬಂದಿದೆ ಅಂದರು. ಹುಡುಗ ಹೋಗಿ, ತೋಡಿನ ಮೂಲೆಯಲ್ಲಿ ಕೂತು, ಮೂರೂ ಅಕ್ಷರ ಓದಿಕೊಂಡು ಬಂದ.

ಎಡಗಾಲಿನ ಲೋಹದ ರಿಂಗಿನ ಸಂಖ್ಯೆ ಮಾತ್ರ ಇವತ್ತಿಗೂ ನಾವು ಓದಿಲ್ಲ. ಅದನ್ನು ಓದಬೇಕಾದರೆ ಹಕ್ಕಿ ಕೈಯಲ್ಲಿರಬೇಕು. ಪುಸ್ತಕದಲ್ಲಿ ಆ ಸಾಲಿನ ಎದುರು ಎರಡೂ ಖಾನೆ ಖಾಲಿ ಇವೆ.